ಮೇಣದ ಹೃದಯದಲ್ಲಿ ಮೂರು ಬ್ಲಾಕು

ಸೀನು ಬರುವ ಸೂಚನೆ ಸಿಕ್ಕಿದರೆ ಸಾಕು, ನನ್ನ ಕೈ ಈಗಲೂ ದಿಂಬು ಹುಡುಕುತ್ತದೆ. ಮನೆಯಲ್ಲಾದರೆ ಅಡ್ಡಿಯಿಲ್ಲ, ಒಂದಲ್ಲ ಒಂದು ದಿಂಬು ಕೈಗೆ ಸಿಗುತ್ತದೆ. ಮೊನ್ನೆ ಉಡುಪಿಯಿಂದ ಕಾಪುವಿಗೆ ಬರುವ ಬಸ್ಸಿನಲ್ಲಿ ಸೀನು ಒತ್ತಿಕೊಂಡು ಬಂತು. ಬೇರೆ ದಾರಿ ಕಾಣದೆ ಪಕ್ಕದಲ್ಲಿ ಕುಳಿತವರ ಮಡಿಲಿನ ಚೀಲವನ್ನೇ ಎಳೆದು ಎದೆಗೆ ಅವಚಿಕೊಂಡು ಸೀನಿಬಿಟ್ಟೆ. ಚೀಲದ ತುಂಬ ಮಟ್ಟುಗುಳ್ಳ. ಆ ಪುಣ್ಯಾತ್ಮರು ಒಮ್ಮೆ ನನ್ನನ್ನು, ಒಮ್ಮೆ ಬದನೆಯನ್ನು ನೋಡಿ, "ಎಂತ ಮಾರಾಯ್ರೆ, ಬೇಕಿದ್ದರೆ ಕೇಳಬಹುದಿತ್ತಲ್ಲ, ಎರಡು ಕೊಡ್ತಿದ್ದೆ" ಎಂದರು.

ನಾನು ಅವರಿಗೆ ವಿವರಿಸಬೇಕಾಯಿತು. ಎದೆ ಕೊಯ್ಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಒಂದು ದಿಂಬು ಕೊಡುತ್ತಾರೆ. ಕೆಮ್ಮಿದರೂ ಸೀನಿದರೂ ಅದನ್ನು ಅಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಕೂಡಿಸಿದ ಎದೆಯ ಎಲುಬಿಗೆ ಪೆಟ್ಟು. ಎಲುಬು ಕೂಡಿ ತಿಂಗಳುಗಳೇ ಕಳೆದಿವೆ, ಅಭ್ಯಾಸ ಮಾತ್ರ ಹೋಗಿಲ್ಲ. ವಿವರಣೆ ಕೇಳಿದ ಮೇಲೆ ಅವರು ಕಾಪು ಬರುವವರೆಗೂ ಚೀಲವನ್ನು ನಮ್ಮಿಬ್ಬರ ನಡುವೆಯೇ ಇಟ್ಟುಕೊಂಡು ಕುಳಿತರು, ಬೇಕಾದರೆ ಇರಲಿ ಎಂದು. ನಮ್ಮ ಕಡೆಯ ಜನ ಹಾಗೆಯೇ.

ಹೃದಯದ ವಿಷಯ ಮಾತಾಡಲು ನನಗಿರುವ ಅರ್ಹತೆ ಇಷ್ಟೇ: ಅದು ನನ್ನಲ್ಲಿ ಒಂದುಂಟು, ಮತ್ತು ಅದನ್ನು ಒಬ್ಬರು ಕಣ್ಣಾರೆ ನೋಡಿ ರಿಪೇರಿ ಮಾಡಿದ್ದಾರೆ. ವೃತ್ತಿಯಿಂದ ನಾನು ಡ್ರಾಯಿಂಗ್ ಮಾಸ್ಟ್ರು. ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಕೊಡಪಾನ, ಮಾವಿನಹಣ್ಣು, ಬಾಗಿಲು ತೆರೆದ ಮನೆ, ಇವುಗಳನ್ನು ಮಕ್ಕಳಿಂದ ಬಿಡಿಸಿ ಬಿಡಿಸಿ ನಿವೃತ್ತನಾದವನು. ಮದುವೆ ಗಿದುವೆ ಆಗಲಿಲ್ಲ. ಈಗ ಕಾಪುವಿನಲ್ಲಿ ಲೀಲಕ್ಕನ ಮನೆಯ ಪಕ್ಕದಲ್ಲೇ ನನ್ನ ಮನೆ, ಎರಡಕ್ಕೂ ಬಾವಿ ಒಂದೇ. ಲೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ಭಾವ ತೀರಿಕೊಂಡ ಮೇಲೆ ಒಣಮೀನಿನ ವ್ಯಾಪಾರವನ್ನು ಒಬ್ಬಳೇ ನಡೆಸಿದವಳು. ನಾನು ಊಟ ಮಾಡುವುದು ಅವಳಲ್ಲಿ, ಬೈಸಿಕೊಳ್ಳುವುದೂ ಅವಳಲ್ಲಿ.

ಕಾರ್ಕಳದಲ್ಲಿ ಹೊಸತಾಗಿ ಕೆಲಸಕ್ಕೆ ಸೇರಿದ್ದಾಗ ಅಲ್ಲಿಯ ಇಗರ್ಜಿಯ ವಯಸ್ಸಾದ ಫಾದರ್ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಸಂತರ ಹಳೆಯ ಮೂರ್ತಿಗಳ ಬಣ್ಣ ಮಾಸಿದೆ, ಸ್ವಲ್ಪ ಕೈಯಾಡಿಸಬೇಕು ಎಂದರು. ನಾನು ತುಳು ಮಾತಾಡುವ ಹಿಂದೂ ಮನೆಯವನು, ನಮ್ಮ ಭೂತಗಳ ಮೊಗ ಬೇಕಾದರೆ ನಿದ್ದೆಯಲ್ಲೂ ಬರೆಯಬಲ್ಲೆ, ಸಂತರ ಮುಖ ನನಗೆಲ್ಲಿ ಗೊತ್ತು? ಹಾಗೆಂದು ಹೇಳಿದೆ. "ಅದಕ್ಕೆಂತ ಮಾಸ್ಟ್ರೇ, ಒಬ್ಬೊಬ್ಬರ ಕತೆ ನಾನು ಹೇಳ್ತೇನೆ. ಕತೆ ಗೊತ್ತಿಲ್ಲದೆ ಬಣ್ಣ ಕೊಟ್ಟರೆ ಒಬ್ಬನ ಮೀಸೆ ಇನ್ನೊಬ್ಬನಿಗೆ ಹೋಗ್ತದೆ" ಎಂದರು ಫಾದರ್.

ಹೀಗೆ ಶನಿವಾರ ಮಧ್ಯಾಹ್ನಗಳಲ್ಲಿ ನನಗೆ ಸಂತರ ಪರಿಚಯವಾಯಿತು. ಮೊದಲು ವಿಚಿತ್ರ ಎನಿಸಿದ್ದು ಒಂದೇ ವಿಷಯ. ನಮ್ಮ ನೋವು ಗುಣಪಡಿಸಲು ನಿಂತ ಈ ಮಹನೀಯರು ತಮ್ಮ ತಮ್ಮ ನೋವನ್ನು ಎಲ್ಲರಿಗೂ ತೋರಿಸಿಕೊಂಡೇ ನಿಂತಿರುತ್ತಾರೆ. ಸಂತ ಲಾರೆನ್ಸನ ಕೈಯಲ್ಲಿ ಅವನನ್ನು ಸುಟ್ಟ ಕಬ್ಬಿಣದ ಜಾಲರಿ. ಅಡುಗೆಯವರನ್ನೂ ಅವನೇ ಕಾಯುತ್ತಾನಂತೆ, ಉಡುಪಿಯವರಿಗೆ ಹೇಳಿ ಮಾಡಿಸಿದ ಸಂತ. ಸೆಬಾಸ್ಟಿಯನ್ನನ ಮೈತುಂಬ ಬಾಣ. ಅಷ್ಟು ಬಾಣ ನಾಟಿದ್ದರೂ ಮುಖದಲ್ಲಿ ಬಸ್ಸು ತಪ್ಪಿದವರಷ್ಟು ಬೇಸರವೂ ಇಲ್ಲ. ಸಂತ ರೋಕ್ ಎಂಬವನು ನಿಲುವಂಗಿ ಸರಿಸಿ ತೊಡೆಯ ಮೇಲಿನ ಹುಣ್ಣು ತೋರಿಸುತ್ತಾನೆ, ಕಾಲ ಬುಡದಲ್ಲಿ ಬಾಯಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿ. ಆ ನಾಯಿಯ ಬಣ್ಣ ಪೂರ್ತಿ ಹೋಗಿತ್ತು. ಮಾದರಿಗೆ ಬೇರೆ ನಾಯಿ ಸಿಗದೆ ನಮ್ಮ ಶಾಲೆಯ ಗೇಟಿನಲ್ಲಿ ಮಲಗುತ್ತಿದ್ದ ಕಂದು ನಾಯಿಯನ್ನೇ ನೋಡಿ ಬಣ್ಣ ಕೊಟ್ಟೆ, ಕಿವಿಯ ಹತ್ತಿರದ ಬಿಳಿ ಮಚ್ಚೆಯನ್ನೂ ಬಿಡಲಿಲ್ಲ. ಮುಂದಿನ ಭಾನುವಾರ ಪೂಜೆಗೆ ಬಂದ ಮಕ್ಕಳು ಸಂತನನ್ನು ಬಿಟ್ಟು ನಾಯಿಯ ಹೆಸರು ಹಿಡಿದು ಕೂಗಿದರಂತೆ. ಫಾದರ್ ನನ್ನನ್ನು ಕರೆದು ಮಚ್ಚೆಯನ್ನು ಮಾತ್ರ ಅಳಿಸಲು ಹೇಳಿದರು, ನಾಯಿಯನ್ನು ಉಳಿಸಿಕೊಂಡರು.

ಹೃದ್ರೋಗಿಗಳಿಗೆಂದೇ ಒಬ್ಬ ಸಂತನಿದ್ದಾನೆ, ಹೆಸರು ದೇವರ ಯೋವಾನ. ಬೆಂಕಿ ಬಿದ್ದ ಆಸ್ಪತ್ರೆಯೊಳಕ್ಕೆ ನುಗ್ಗಿ ರೋಗಿಗಳನ್ನು ಹೊತ್ತು ತಂದವನು ಎಂದು ಕತೆ. ಚಿತ್ರಗಳಲ್ಲಿ ಅವನ ಕೈಯಲ್ಲಿ ದಾಳಿಂಬೆ ಇರುತ್ತದೆ. ಯಾಕೆಂದು ಫಾದರ್ ಉದ್ದಕ್ಕೆ ಹೇಳಿದ್ದರು, ನನಗೆ ಮರೆತುಹೋಗಿದೆ. ಆದರೆ ಮುಂದೆ ಆಸ್ಪತ್ರೆಯಲ್ಲಿ ನನ್ನನ್ನು ನೋಡಲು ಬಂದವರೆಲ್ಲ ದಾಳಿಂಬೆಯನ್ನೇ ತಂದದ್ದು ನೋಡಿದರೆ ಆ ಚಿತ್ರಕಾರರಿಗೆ ಎಲ್ಲ ಮೊದಲೇ ಗೊತ್ತಿತ್ತು ಎನ್ನಬೇಕು.

ಎಲ್ಲರಿಗಿಂತ ನನಗೆ ಹಿಡಿಸಿದವರು ಕೊಸ್ಮಾಸ್ ಮತ್ತು ದಮಿಯಾನ್ ಎಂಬ ಅವಳಿ ವೈದ್ಯರು. ಫಾದರ್ ಬಳಿ ಇದ್ದ ಹಳೆಯ ಪುಸ್ತಕದಲ್ಲಿ ಅವರ ಒಂದು ಬಣ್ಣದ ಚಿತ್ರವಿತ್ತು. ಮಂಚದ ಮೇಲೆ ಒಬ್ಬ ರೋಗಿ ಸುಖವಾಗಿ ನಿದ್ದೆ ಹೋಗಿದ್ದಾನೆ. ಕೊಳೆತ ಅವನ ಕಾಲನ್ನು ತೆಗೆದು, ಸತ್ತ ಇನ್ನೊಬ್ಬನ ಕಾಲನ್ನು ಈ ಅಣ್ಣತಮ್ಮಂದಿರು ಜೋಡಿಸುತ್ತಿದ್ದಾರೆ. ಹೊಸ ಕಾಲಿನ ಬಣ್ಣವೇ ಬೇರೆ. ಸಂತರ ತಲೆಯ ಸುತ್ತ ಪ್ರಭೆ, ಮೈಮೇಲೆ ಒಳ್ಳೆಯ ಕೆಂಪು ನಿಲುವಂಗಿ, ಎಲ್ಲಿಯೂ ಒಂದು ತೊಟ್ಟು ರಕ್ತವಿಲ್ಲ. ಆಪರೇಷನ್ ಅಂದರೆ ಹೀಗಿರಬೇಕು ಎಂದುಕೊಂಡಿದ್ದೆ. ಆಗ ನನಗೆ ಇಪ್ಪತ್ತೈದೂ ಆಗಿರಲಿಲ್ಲ, ಎದೆ ಗಟ್ಟಿ ಇತ್ತು.

ಆ ಎದೆ ಹೋದ ವರ್ಷ ಕೈಕೊಟ್ಟಿತು. ಬಾವಿಯಿಂದ ನೀರು ಸೇದುವಾಗ ಎದೆಯ ನಡುವೆ ಯಾರೋ ಮೊಣಕೈ ಊರಿದಂತೆ ಆಗತೊಡಗಿತು. ಗ್ಯಾಸ್ ಎಂದುಕೊಂಡೆ. ನಮ್ಮ ಕರಾವಳಿಯಲ್ಲಿ ಗಂಡಸರಿಗೆ ಹೃದ್ರೋಗ ಎಂಬುದು ಬರುವುದೇ ಇಲ್ಲ, ಬರುವುದೆಲ್ಲ ಗ್ಯಾಸ್. ಜೀರಿಗೆ ಕಷಾಯ ಕುಡಿದೆ, ಸೋಡಾ ಕುಡಿದೆ, ಹಲಸಿನಹಣ್ಣು ಬಿಟ್ಟೆ. ಕೊನೆಗೆ ಒಂದು ಬೆಳಗ್ಗೆ ಕೊಡಪಾನವನ್ನು ಬಾವಿಕಟ್ಟೆಯ ಮೇಲಿಟ್ಟು ಬೆವರುತ್ತ ಕುಳಿತವನನ್ನು ಲೀಲಕ್ಕ ರಿಕ್ಷಾಕ್ಕೆ ಹಾಕಿ ಮಣಿಪಾಲಕ್ಕೆ ಸಾಗಿಸಿದಳು. ದಾರಿಯುದ್ದಕ್ಕೂ ನಾನು "ಗ್ಯಾಸ್ ಅಕ್ಕ" ಅನ್ನುತ್ತಿದ್ದೆ, ಅವಳು "ಬಾಯಿ ಮುಚ್ಚು" ಅನ್ನುತ್ತಿದ್ದಳು.

ಮಣಿಕಟ್ಟಿನಿಂದ ದಾರದಷ್ಟು ತೆಳ್ಳಗಿನ ಕೊಳವೆ ತೂರಿಸಿ ಹೃದಯದ ಚಿತ್ರ ತೆಗೆದರು. ಪರದೆಯ ಮೇಲೆ ಬೂದು ಬಣ್ಣದಲ್ಲಿ ನನ್ನ ರಕ್ತನಾಳಗಳು ಎಲೆಯುದುರಿದ ಮರದ ಕೊಂಬೆಗಳಂತೆ ಅಲುಗಾಡುತ್ತಿದ್ದವು. ಸುಂದರವಾದ ರೇಖೆಗಳು. ಮೂರು ಕಡೆ ಮಾತ್ರ ರಬ್ಬರಿನಿಂದ ಉಜ್ಜಿದ ಹಾಗೆ ರೇಖೆ ಮಾಯ. ಮೂರೂ ಬ್ಲಾಕುಗಳು ಇಕ್ಕಟ್ಟಿನ ಜಾಗದಲ್ಲಿವೆ, ಸ್ಟೆಂಟ್ ಹಾಕಿ ಮುಗಿಸುವಂತಿಲ್ಲ, ಬೈಪಾಸ್ ಆಗಬೇಕು, ಅದೂ ಬೇಗ ಆಗಬೇಕು ಎಂದರು. ಸರ್ಜನ್ ಬಂದು ಮಾತಾಡುತ್ತಾರೆ ಎಂದೂ ಹೇಳಿದರು.

ಸರ್ಜನ್ ಬಂದರು. ಕನ್ನಡಕ ಹಾಕಿದ, ಗಟ್ಟಿ ಹೆಜ್ಜೆಯ ಹೆಂಗಸು. ನನ್ನ ಮುಖ ನೋಡಿ ನಕ್ಕು, "ಸರ್, ಗುರುತು ಸಿಕ್ಕಿತಾ? ನಾನು ವೀಣಾ. ಎಂಟನೇ ಕ್ಲಾಸು. ಕೊಡಪಾನ" ಎಂದರು.

ಗುರುತು ಸಿಗದೆ ಏನು! ಲೆಕ್ಕ, ವಿಜ್ಞಾನ ಎಲ್ಲದರಲ್ಲೂ ಮುಂದಿದ್ದ ಈ ಹುಡುಗಿಗೆ ಒಂದು ಕೊಡಪಾನ ಬಿಡಿಸಲು ಬರುತ್ತಿರಲಿಲ್ಲ. ಎಡಬದಿ ಉಬ್ಬಿದರೆ ಬಲಬದಿ ತಗ್ಗುತ್ತಿತ್ತು. ಉಜ್ಜುತ್ತಿದ್ದಳು, ಮತ್ತೆ ಬಿಡಿಸುತ್ತಿದ್ದಳು, ಮತ್ತೆ ಉಜ್ಜುತ್ತಿದ್ದಳು, ಕೊನೆಗೆ ಕಾಗದವೇ ತೂತು. ಆ ತೂತಿನ ಕೊಡಪಾನವನ್ನು ಇಡೀ ತರಗತಿಗೆ ಎತ್ತಿ ತೋರಿಸಿ, ಇದರಲ್ಲಿ ನೀರು ನಿಲ್ಲುವುದುಂಟಾ ಎಂದು ಕೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ. ಈಗ ಅದೇ ಹುಡುಗಿ ನನ್ನ ಮುಂದೆ ಕುಳಿತು ಕಾಗದದ ಮೇಲೆ ನನ್ನ ಹೃದಯ ಬಿಡಿಸಿ ವಿವರಿಸತೊಡಗಿದಳು. ಕಾಲಿನಿಂದ ಒಂದು ರಕ್ತನಾಳ ತೆಗೆಯುತ್ತೇವೆ, ಅದನ್ನು ಇಲ್ಲಿಂದ ಇಲ್ಲಿಗೆ ಹೊಲಿಯುತ್ತೇವೆ, ಕಟ್ಟಿಕೊಂಡ ಜಾಗವನ್ನು ಬಿಟ್ಟು ರಕ್ತ ಹೊಸ ದಾರಿಯಲ್ಲಿ ಹೋಗುತ್ತದೆ. ನನಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಅವಳು ಬಿಡಿಸಿದ ಹೃದಯವನ್ನೇ ನೋಡುತ್ತಿದ್ದೆ. ಎಡಬದಿ ಉಬ್ಬಿತ್ತು, ಬಲಬದಿ ತಗ್ಗಿತ್ತು.

ಲೀಲಕ್ಕ ಮಾತ್ರ ಗಮನವಿಟ್ಟು ಕೇಳುತ್ತಿದ್ದಳು. "ಕಾಲಿನ ನರ ಎದೆಗೆ ಹಾಕಿದರೆ, ಡಾಕ್ಟ್ರೇ, ಮತ್ತೆ ನಡೀಲಿಕ್ಕೆ ಎಂತ ಮಾಡುವುದು?"

"ಕಾಲಿಗೆ ಬೇರೆ ನರ ಉಂಟಮ್ಮ. ಒಂದು ತೆಗೆದರೆ ಏನೂ ಆಗುವುದಿಲ್ಲ. ನಡೆಯದಿದ್ದರೆ ನಾವೇ ಬೈದು ನಡೆಸ್ತೇವೆ."

"ಬೈಯುವುದು ನನಗೆ ಬಿಡಿ" ಎಂದಳು ಅಕ್ಕ.

ಮಾತ್ರೆ ಕೊಟ್ಟು, ಭಾರ ಎತ್ತಬೇಡಿ, ಹೆಚ್ಚು ದಿನ ತಳ್ಳಬೇಡಿ ಎಂದು ಹೇಳಿ ಮನೆಗೆ ಕಳಿಸಿದರು. ಬರುವಾಗ ರಿಕ್ಷಾದಲ್ಲಿ ನಾನು ಅಕ್ಕನಿಗೆ ಕೊಡಪಾನದ ಕತೆ ಹೇಳಿದೆ. ತಮಾಷೆಯಾಗಿ ಹೇಳಬೇಕೆಂದಿದ್ದೆ, ಆದರೆ ಹಾಗೆ ಬರಲಿಲ್ಲ. "ಆ ಹುಡುಗಿಗೆ ಒಂದು ಗೆರೆ ನೆಟ್ಟಗೆ ಬರುವುದಿಲ್ಲ ಅಕ್ಕ. ಅವಳು ನನ್ನ ಎದೆಯೊಳಗೆ ಕೂದಲಿನಂಥ ದಾರದಲ್ಲಿ ಹೊಲಿಯುವುದಂತೆ" ಎಂದೆ. ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. ಕಟಪಾಡಿ ದಾಟುವವರೆಗೂ ಹೊರಗೆ ನೋಡುತ್ತ ಕುಳಿತಿದ್ದಳು. ಸತ್ಯ ಹೇಳಬೇಕೆಂದರೆ ನನಗೆ ಆ ಹುಡುಗಿಯಲ್ಲಿ ಅಪನಂಬಿಕೆ ಇರಲಿಲ್ಲ, ನೂರಾರು ಎದೆಗಳನ್ನು ಸರಿಮಾಡಿದವಳು ಎಂದು ನರ್ಸುಗಳು ಹೇಳಿದ್ದರು. ನನಗಿದ್ದದ್ದು ಶುದ್ಧ ಹೆದರಿಕೆ. ಹೆದರಿಕೆಗೆ ಒಂದು ನೆಪ ಬೇಕು, ಕೊಡಪಾನ ಸಿಕ್ಕಿತು.

ಎರಡನೆಯ ನೆಪವನ್ನು ನಾನೇ ತಯಾರಿಸಿದೆ. ಕಾರ್ಕಳದ ಇಗರ್ಜಿಯಲ್ಲಿ ಒಂದು ಪದ್ಧತಿ ಉಂಟು. ಕಾಲು ನೋವಿನವರು ಮೇಣದ ಕಾಲು, ಕಣ್ಣು ಬೇನೆಯವರು ಮೇಣದ ಕಣ್ಣು ಹೀಗೆ ಹರಕೆ ಹೇಳಿಕೊಂಡು, ಗುಣವಾದ ಮೇಲೆ ಸಂತ ಲಾರೆನ್ಸನ ಮುಂದೆ ಒಪ್ಪಿಸುತ್ತಾರೆ. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯಲ್ಲಿ ಮಾಡುವುದನ್ನು ಅಲ್ಲಿ ಮೇಣದಲ್ಲಿ ಮಾಡುವುದು, ಅಷ್ಟೇ ವ್ಯತ್ಯಾಸ. ಹಾಗಾಗಿ ಜಾತಿಮತ ನೋಡದೆ ಎಲ್ಲರೂ ಹೋಗುತ್ತಾರೆ. ನಾನೂ ಸಂತನಿಗೆ ಮೇಣದ ಹೃದಯ ಹೇಳಿಕೊಂಡೆ. ಆದರೆ ಅಂಗಡಿಯಲ್ಲಿ ಸಿಗುವುದು ಇಸ್ಪೀಟಿನ ಎಲೆಯ ಮೇಲಿರುತ್ತದಲ್ಲ, ಆ ಆಕಾರದ ಹೃದಯ. ಡ್ರಾಯಿಂಗ್ ಮಾಸ್ಟ್ರಾದವನು ಅಂಥದ್ದನ್ನು ಕೊಡುವುದೆ? ನನ್ನ ಹೃದಯವನ್ನು ನಾನೇ ಮಾಡುತ್ತೇನೆ, ಇದ್ದದ್ದು ಇದ್ದ ಹಾಗೆ ಮಾಡುತ್ತೇನೆ, ಅದು ಮುಗಿದ ಮೇಲೆ ಆಸ್ಪತ್ರೆ ಎಂದು ಘೋಷಿಸಿದೆ.

ಮೋಂಬತ್ತಿ ಕರಗಿಸಿ, ಕೆಂಪು ಕ್ರೇಯಾನ್ ತುರಿದು ಸೇರಿಸಿ, ಬೆಚ್ಚಗಿನ ನೀರಿನಲ್ಲಿ ಮೆದುಮಾಡಿಕೊಂಡು ತಿದ್ದತೊಡಗಿದೆ. ಆಸ್ಪತ್ರೆಯಲ್ಲಿ ಕೊಟ್ಟ ಚಿತ್ರಗಳನ್ನು ಎದುರಿಗಿಟ್ಟುಕೊಂಡು ರಕ್ತನಾಳಗಳನ್ನು ಒಂದೊಂದಾಗಿ ಹೊಸೆದು ಅಂಟಿಸಿದೆ. ಇವತ್ತು ಅಂಟಿಸಿದ್ದು ನಾಳೆ ಸರಿಕಾಣುತ್ತಿರಲಿಲ್ಲ, ಕಿತ್ತು ಮತ್ತೆ ಮಾಡುತ್ತಿದ್ದೆ. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. "ಸ್ವಲ್ಪ ಕೆಲಸ ಬಾಕಿ ಉಂಟು" ಎಂದೆ. ನಡುನಡುವೆ ಆ ಮೊಣಕೈ ಎದೆಯ ಮೇಲೆ ಊರುತ್ತಿತ್ತು. ನಾಲಿಗೆಯಡಿ ಮಾತ್ರೆ ಇಟ್ಟುಕೊಂಡು ಕೆಲಸ ಮುಂದುವರಿಸುತ್ತಿದ್ದೆ.

ಕೊನೆಗೊಂದು ದಿನ ಲೀಲಕ್ಕ ಬಂದು ಹೃದಯವನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಮೆಚ್ಚುಗೆಯ ಮಾತಿಗಾಗಿ ನಾನು ಕಾಯುತ್ತಿದ್ದೆ.

"ಇದೆಂತ ಇದು, ಹಳದಿ ಹಳದಿ?"

"ಅದು ಬ್ಲಾಕ್. ಮೂರೂ ಸರಿಯಾದ ಜಾಗದಲ್ಲಿಯೇ ಉಂಟು, ನೋಡು" ಎಂದೆ ಹೆಮ್ಮೆಯಿಂದ. ಹಳದಿ ಕ್ರೇಯಾನನ್ನು ಸಾಸಿವೆಯಷ್ಟು ಉಂಡೆ ಮಾಡಿ ಕೂರಿಸಲು ಕಣ್ಣು ನೋಯಿಸಿಕೊಂಡಿದ್ದೆ.

ಅಕ್ಕ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ. "ಬ್ಲಾಕ್ ಸಮೇತ ಕೊಡುವುದಾ ಸಂತನಿಗೆ? ನಿನಗೆ ತಲೆ ಸಮ ಉಂಟಾ? ಕಣ್ಣು ಕಾಣದವರು ಬೆಳ್ಳಿಯ ಕಣ್ಣು ಒಪ್ಪಿಸುವಾಗ ಪೊರೆ ಬಂದ ಕಣ್ಣು ಮಾಡಿಸ್ತಾರಾ? ಕುಂಟನ ಕಾಲು ಕುಂಟಾಗಿಯೇ ಮಾಡಿಸ್ತಾರಾ? ಯಾವುದು ಬೇಕೋ ಅದನ್ನು ಕೊಡುವುದು ಮಾರಾಯ, ಇದ್ದದ್ದನ್ನಲ್ಲ. ಇದನ್ನು ನೋಡಿ ಅವನು, ಓಹೋ, ಇವನಿಗೆ ಇಂಥದ್ದೇ ಬೇಕು ಕಾಣ್ತದೆ ಅಂತ ಇನ್ನೂ ಮೂರು ಸೇರಿಸಿಕೊಟ್ಟರೆ?"

ಅಷ್ಟು ವರ್ಷ ಸಂತರ ಮೀಸೆ ತಿದ್ದಿದವನಿಗೆ ಇದು ತೋಚಿರಲಿಲ್ಲ. ಅಕ್ಕ ತುರುಬಿನಿಂದ ಹೇರ್‌ಪಿನ್ ತೆಗೆದು, ದೀಪದ ಉರಿಗೆ ಹಿಡಿದು ಬಿಸಿ ಮಾಡಿ, ಜಗಲಿಯಲ್ಲೇ ಕುಳಿತು ಮೂರು ಹಳದಿ ಉಂಡೆಗಳನ್ನೂ ಮೀನಿನ ಮುಳ್ಳು ಬಿಡಿಸಿದ ಹಾಗೆ ಬಿಡಿಸಿ ತೆಗೆದಳು. ಚಿಕಿತ್ಸೆ ಮುಗಿಯಲು ಒಂದು ಚಾ ಕುಡಿಯುವಷ್ಟು ಹೊತ್ತು. ರಕ್ತನಾಳದ ಮೇಲೆ ಅವಳ ಬೆರಳಿನ ಗುರುತು ಉಳಿಯಿತು. ಅದನ್ನು ತಿದ್ದಲು ನಾನು ಕೈಚಾಚಿದೆ. ಅವಳು ಕೊಡಲಿಲ್ಲ.

"ಸಾಕು, ಮುಗಿಯಿತು" ಎಂದಳು. "ನಿನಗೆ ಹೆದರಿಕೆ. ನನಗೆ ಕಾಣುವುದಿಲ್ಲ ಅಂತ ಮಾಡಿದ್ದೀಯಾ? ನೀನು ರೋಡಿನ ನಾಯಿಗೂ ಹೆದರುವವ. ಹೆದರು, ಯಾರು ಬೇಡ ಅಂತಾರೆ? ಆದರೆ ಆಸ್ಪತ್ರೆಯಲ್ಲಿ ಮಲಗಿಕೊಂಡು ಹೆದರು. ಮಂಗಳವಾರ ಅಡ್ಮಿಟ್. ನಾನು ಫೋನ್ ಮಾಡಿ ಹೇಳಿ ಆಗಿದೆ." ಹೇಳುತ್ತ ಹೇಳುತ್ತ ಆ ಮೇಣದ ಹೃದಯವನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡಳು. ನನಗಿರುವ ಅಕ್ಕ ಒಬ್ಬಳೇ ಎಂಬುದು ಗೊತ್ತಿತ್ತು. ಅವಳಿಗಿರುವ ತಮ್ಮನೂ ನಾನೊಬ್ಬನೇ ಎಂಬುದು ಆಗ ಹೊಳೆಯಿತು.

ಆಪರೇಷನ್ನಿನ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ, ಆ ಚಿತ್ರದ ರೋಗಿಯ ಹಾಗೆ ನಿದ್ದೆಯಲ್ಲಿದ್ದೆ. ಒಳಗೆ ಹೋಗುವ ಮೊದಲು ವೀಣಾ ಬಂದು ಭುಜ ತಟ್ಟಿದಾಗ ಅವಳಿ ವೈದ್ಯರ ಕತೆ ಹೇಳಿದೆ. "ಕಾಲನ್ನೇ ಜೋಡಿಸಿದರಾ? ನಾವು ಬರೀ ಕಾಲಿನ ನರ ತೆಗೆಯುವುದು ಸರ್, ಅವರು ನಮಗಿಂತ ಮುಂದೆ" ಎಂದಳು. ಆಮೇಲೆ ಸ್ವಲ್ಪ ಬಾಗಿ, "ಇಲ್ಲಿ ರಬ್ಬರ್ ಕೊಡುವುದಿಲ್ಲ. ಹಾಗಾಗಿ ಮೊದಲ ಸಲವೇ ಸರಿ ಮಾಡ್ಲಿಕ್ಕೆ ಕಲಿತಿದ್ದೇನೆ" ಎಂದಳು. ನಗು ಬಂತು. ನಗುತ್ತಲೇ ಒಳಗೆ ಹೋದೆ.

ಎಚ್ಚರವಾದ ಮೇಲಿನ ದಿನಗಳು ನನಗೆ ಇಷ್ಟವಾದವು ಎಂದರೆ ನೀವು ನಂಬಲಿಕ್ಕಿಲ್ಲ. ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ಮೂರು ಚೆಂಡು, ಉಸಿರೆಳೆದು ಅವನ್ನು ಮೇಲೇರಿಸಬೇಕು. ಪಕ್ಕದ ಮಂಚದ ಪರ್ಕಳದವರಿಗೂ ನನಗೂ ಅದರಲ್ಲಿ ಪೈಪೋಟಿ. ಕಾಲಿಗೆ ಬಿಗಿಯಾದ ಬಿಳಿ ಕಾಲುಚೀಲ, ಎದೆಗೆ ದಿಂಬು, ಹಾಗೆಯೇ ವರಾಂಡದಲ್ಲಿ ಮೆಲ್ಲನೆ ಪರೇಡು. ಲೀಲಕ್ಕ ಹಿಂದಿನಿಂದ ಬರುತ್ತ ಕೊಟ್ಟ ಮಾತಿನಂತೆ ಬೈಯುತ್ತಿದ್ದಳು. ಇಡೀ ವಾರ್ಡು ಅವಳ ಬೈಗುಳಕ್ಕೆ ನಡೆಯಲು ಕಲಿಯಿತು.

ಚೇತರಿಸಿಕೊಂಡ ಮೇಲೆ ಹರಕೆ ಒಪ್ಪಿಸಲು ಹೊರಟೆವು. ಸೆಕೆಗೆ ಹೃದಯ ಕರಗಬಾರದೆಂದು ಅಕ್ಕ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುತ್ತಿಯ ಡಬ್ಬದೊಳಗೆ ಇಟ್ಟಳು. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳದ ಬಸ್ಸು ಹತ್ತಿದೆವು. ಕಂಡಕ್ಟರ್ ಡಬ್ಬ ನೋಡಿ ಊಟವಾ ಎಂದು ಕೇಳಿದ. "ಅಲ್ಲ, ಇವನ ಹೃದಯ" ಎಂದಳು ಅಕ್ಕ. ಅವನು ಮತ್ತೆ ಏನೂ ಕೇಳದೆ ಟಿಕೆಟು ಹರಿದು ಕೊಟ್ಟ.

ಇಗರ್ಜಿಯಲ್ಲಿ ಅಷ್ಟೇನೂ ಜನವಿರಲಿಲ್ಲ. ಸಂತನ ಮುಂದಿನ ಮೇಜಿನ ಮೇಲೆ ಮೇಣದ ಕಾಲುಗಳು, ಮಕ್ಕಳ ಗೊಂಬೆಗಳು, ಇಸ್ಪೀಟಿನ ಆಕಾರದ ಹೃದಯಗಳು. ನಡುವೆ ನನ್ನದನ್ನಿಟ್ಟೆ. ಶಾಲೆಯ ವಸ್ತುಪ್ರದರ್ಶನದಿಂದ ದಾರಿ ತಪ್ಪಿ ಬಂದ ಹಾಗೆ ಕಾಣುತ್ತಿತ್ತು. ಕೈಮುಗಿದು ಕಣ್ಣು ತೆರೆದಾಗ ಅಕ್ಕ ತನ್ನ ಚೀಲಕ್ಕೆ ಕೈ ಹಾಕಿ ಕಾಗದದಲ್ಲಿ ಸುತ್ತಿದ ಏನನ್ನೋ ಬಿಡಿಸುತ್ತಿದ್ದಳು. ನೋಡಿದರೆ ಮೇಣದ ಕೈ. ಅದರ ಹಿಂದೆಯೇ ಇನ್ನೊಂದು ತೆಗೆದಳು. ಎಡಗೈ ಒಂದು, ಬಲಗೈ ಒಂದು.

ಬಾವಿಯ ನೀರು, ನನ್ನ ಚಾಕರಿ ಎಲ್ಲ ಅವಳ ಮೇಲೆಯೇ ಬಿದ್ದಿತ್ತಲ್ಲ. "ಕೈಗೆ ಎಂತಾಯ್ತು ಅಕ್ಕ? ನನಗೆ ಹೇಳಲೇ ಇಲ್ಲ?" ಎಂದೆ.

"ನನ್ನದಲ್ಲ" ಎಂದಳು ಅಕ್ಕ. "ಆ ಹುಡುಗಿಯದ್ದು. ಗೆರೆ ನೆಟ್ಟಗೆ ಬರುವುದಿಲ್ಲ ಅಂತ ನೀನೇ ಹೇಳಿದ್ದಲ್ಲವಾ, ರಿಕ್ಷಾದಲ್ಲಿ. ಆಗಲೇ ಹರಕೆ ಹೇಳಿಕೊಂಡೆ, ಆಪರೇಷನ್ನಿನ ಒಂದು ದಿನ ಅವಳ ಎರಡು ಕೈಯೂ ನಡುಗದ ಹಾಗೆ ನೋಡಿಕೋ ಅಂತ."

"ಮತ್ತೆ ನನ್ನ ಹೃದಯಕ್ಕೆ?"

"ಅದಕ್ಕೆ ನೀನೇ ಹೇಳಿಕೊಂಡಿದ್ದೀಯಲ್ಲ. ಇಬ್ಬರೂ ಒಂದೇ ಕೇಳಿದರೆ ಎಂತ ಲಾಭ?"

ಎರಡು ಕೈಗಳನ್ನೂ ಅಂಗೈ ಮೇಲಾಗಿ ಪಕ್ಕಪಕ್ಕ ಇಟ್ಟಳು. ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ನನ್ನ ಮೇಣದ ಹೃದಯವನ್ನೆತ್ತಿ ಆ ಎರಡು ಅಂಗೈಗಳ ಮೇಲೆ ಇಟ್ಟು, ಜಾರದ ಹಾಗೆ ಸ್ವಲ್ಪ ಒಳಕ್ಕೆ ಸರಿಸಿದಳು.

ನನಗೆ ಅಳು ಬಂದುಬಿಟ್ಟಿತು. ಸಂತನ ಎದುರಿನಲ್ಲಿ, ನಾಲ್ಕು ಜನರ ನಡುವೆ, ಅರವತ್ತು ದಾಟಿದ ಗಂಡಸು ನಾಚಿಕೆಯಿಲ್ಲದೆ ಅತ್ತೆ. ಅಕ್ಕ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಅಳುವುದಾದರೆ ಮೆಲ್ಲಗೆ ಅಳು ಮಾರಾಯ" ಎಂದಳು. "ಆ ಹುಡುಗಿ ಕಷ್ಟಪಟ್ಟು ಹೊಲಿದದ್ದು."